ಒಂದು ಕಿಲೋ ಮುನ್ನೂರು

ಬಳೇಪೇಟೆಯ ಆ ಮಹಡಿಗೆ ಹದಿನೇಳು ಮೆಟ್ಟಿಲು.
ಹದಿನಾಲ್ಕನೆಯದು ಮುರಿದಿದೆ, ಗೊತ್ತಿದ್ದವರು ದಾಟುತ್ತಾರೆ.
ನಾನು ದಾಟಿದೆ. ಮಗಳು ಎಡವಿದಳು.
"ಆನ್‌ಲೈನಲ್ಲೇ ತರಿಸಬಹುದಿತ್ತಪ್ಪ" ಅಂದಳು.

ತರಿಸಬಹುದಿತ್ತು. ಆದರೆ ನಾನು ಅಳತೆಯವನು.
ಹಗಲು ಗವಿಪುರದ ಸಂದಿಯಲ್ಲಿ ಮದುಮಕ್ಕಳ ಕೋಟು,
ರಾತ್ರಿ ಅದೇ ಮದುವೆಗಳ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು.
ಹಿಂದೆ, ಡ್ರಮ್ಸಿನ ಪಕ್ಕ, ಬೆಳಕು ಬೀಳದ ಜಾಗ.
ನುಡಿಸಿದ್ದು ಯಾರಿಗೂ ಕೇಳಿಸುವುದಿಲ್ಲ;
ನಿಲ್ಲಿಸಿದರೆ ಮಾತ್ರ
ಊಟದ ಹಾಲಿನಲ್ಲಿ ಯಾರೋ ಎಲೆಯಿಂದ ತಲೆ ಎತ್ತಿ
ಏನೋ ಬಿದ್ದುಹೋಯಿತಲ್ಲ ಎಂಬಂತೆ ನೋಡುತ್ತಾರೆ.

ಜಬೀವುಲ್ಲಾ ಎರಡನ್ನೂ ಗೋಡೆಯಿಂದ ಇಳಿಸಿದರು.
ಒಂದು ಬೂದಿ ಬಣ್ಣದ್ದು, ಹಳೆಯದು, ಯಾರದೋ ಬೆವರಿಗೆ
ಕತ್ತಿನ ವಾರ್ನಿಷ್ ಸವೆದಿದೆ.
ಇನ್ನೊಂದು ಕೆಂಪು, ಗಿಡ್ಡ ಕತ್ತು,
ತೊಡೆಯ ಮೇಲಿಟ್ಟರೆ ಬೆಕ್ಕಿನ ಹಾಗೆ ಕೂರುತ್ತದೆ.

ಕೆಂಪಿನ ಮೇಲೆ ಬೆರಳು ಓಡಿತು.
ಕತ್ತರಿ ಹಿಡಿದು ಹಿಡಿದು ಬಾತ ಹೆಬ್ಬೆರಳು
ಒಂದು ದೂರೂ ಹೇಳಲಿಲ್ಲ.
ಮೊದಲ ಮನೆಯಿಂದ ನಾಲ್ಕನೆಯ ಮನೆಗೆ
ಕಿರುಬೆರಳು ಎಳೆದಾಡದೆ ಮುಟ್ಟಿತು.
ಮೂರು ತಂತಿ ಅಚ್ಚುಕಟ್ಟಾಗಿ ಮಾತಾಡಿದವು.
ನಾಲ್ಕನೆಯದು, ದಪ್ಪದ್ದು,
ಒದ್ದೆ ಗೋಣಿಚೀಲ ಒಗೆದ ಹಾಗೆ
ಥಪ್ ಎಂದು ಸುಮ್ಮನಾಯಿತು.

ಬೂದಿಯದನ್ನು ಹೆಗಲಿಗೆ ಹಾಕಿದೆ.
ಬೆಳಗಿನ ಜಾವ ನೀರಿನ ಟ್ಯಾಂಕರು ಸಂದಿಗೆ ತಿರುಗುವಾಗ
ಅಡುಗೆಮನೆಯ ಲೋಟಗಳಿಗೆ ಮೊದಲು ತಿಳಿಯುತ್ತದಲ್ಲ,
ಆ ದನಿ.
ಜಬೀವುಲ್ಲಾರ ಚಹಾದಲ್ಲಿ ಕೆನೆ ನಡುಗಿತು.
ನನ್ನ ಎಡಭುಜವೂ. ಅದು ಬಲಕ್ಕಿಂತ ಮುಕ್ಕಾಲು ಇಂಚು ಕೆಳಗಿದೆ,
ಇಪ್ಪತ್ತೆರಡು ವರ್ಷದ ಪಟ್ಟಿ ಜಗ್ಗಿದ್ದು;
ನನ್ನ ಅಂಗಿಗಳಿಗೆ ಎಡಗಡೆ ಗುಟ್ಟಾಗಿ ಒಂದು ಪ್ಯಾಡು.
ಗಿರಾಕಿಗಳಿಗೆ ನಾನೇ ಹೇಳುವ ಮಾತು:
ಹಾಕಿದ ಕ್ಷಣ ಕನ್ನಡಿ ಹೊಗಳುತ್ತೆ,
ಮೂರು ಗಂಟೆ ಕಳೀಲಿ, ಕಂಕುಳು ನಿಜ ಹೇಳುತ್ತೆ.

ಅಷ್ಟರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ಬೂದಿಯದರ ಕೊಂಬಿಗೆ ದವಡೆ ಒತ್ತಿ
ದಪ್ಪ ತಂತಿ ಮೀಟಿದೆ.
ಹಲ್ಲಿನ ಬೇರಿನೊಳಗೆ ಬಂದು ನಿಂತಿತು.
ಕೆಳಗೆ ಮೂಟೆ ಹೊತ್ತವನೊಬ್ಬ "ಸೈಡು, ಸೈಡು" ಎನ್ನುತ್ತ
ಬೀದಿಯ ಈ ತುದಿಯಿಂದ ಆ ತುದಿ ಸೇರುವವರೆಗೂ
ಇತ್ತು.
ಆಮೇಲೆ ಕೆಂಪನ್ನು ಮೀಟಿದೆ;
ಇನ್ನೊಬ್ಬ ಮೂಟೆಯವನು ಪಕ್ಕದಂಗಡಿ ದಾಟುವ ಮೊದಲೇ ಆರಿತು.

"ನನಗೆ ಎರಡೂ ಒಂದೇ ಥರ" ಅಂದಳು ಮಗಳು,
ಫೋನಿನ ಟಾರ್ಚ್ ಹಿಡಿದು.
ಕಾಗದದಂಗಡಿಯಿಂದ ಬ್ಯಾಟರಿ ತಕ್ಕಡಿ ತರಿಸಿದರು.
ಕೆಂಪು, ಮೂರು ಕಿಲೋ ಇನ್ನೂರು.
ಬೂದಿ, ನಾಲ್ಕೂವರೆ.

ಕಳೆದರೆ ಉಳಿಯುವ ತೂಕ ನನಗೆ ಗೊತ್ತು.
ವಾಣಿವಿಲಾಸ ಆಸ್ಪತ್ರೆ, ಗಾಜಿನ ಪೆಟ್ಟಿಗೆ,
ನರ್ಸಮ್ಮ ಚೀಟಿಯಲ್ಲಿ ಬರೆದುಕೊಟ್ಟದ್ದು ಅದೇ.
ಅಂಗಿ ಬಿಚ್ಚಿ ಎದೆಗಿಟ್ಟುಕೊಳ್ಳಿ ಅಂದರು.
ಇಟ್ಟುಕೊಂಡೆ, ಹತ್ತೊಂಬತ್ತು ದಿನ.
ಅವಳಿಗೆ ಹೇಳಲಿಲ್ಲ. ಅವಳು
"ಹನ್ನೊಂದೇ ಪರ್ಸೆಂಟು ಚಾರ್ಜು" ಎಂದು ಗೊಣಗುತ್ತ
ಬೆಳಕು ಹಿಡಿದೇ ಇದ್ದಳು.

ಬೂದಿಯದಕ್ಕೆ ಹಣ ಎಣಿಸಿದೆ.
ಬುದ್ಧಿವಂತಿಕೆ ಅನ್ನುವುದಿಲ್ಲ. ಗಣೇಶನ ಸೀಸನ್ನು ಬರಲಿ,
ಒಂದೇ ರಾತ್ರಿ ಎರಡು ಸ್ಟೇಜು, ಭುಜ ಬಯ್ಯುತ್ತದೆ.

ಈಗ ಹನ್ನೆರಡು ಗಂಟೆ.
ಕೋಟಿನ ಪ್ಯಾಡು ಎರಡು, ನಡುವೆ ಕ್ಯಾನ್ವಾಸು,
ನಾಲ್ಕು ಇಂಚಗಲದ ಪಟ್ಟಿ ಹೊಲಿಯುತ್ತಿದ್ದೇನೆ.
ಎರಡನೇ ಪದರಕ್ಕೆ ಹದಿನೆಂಟನೇ ನಂಬರಿನ ಸೂಜಿ ಮುರಿಯಿತು.
ಇನ್ನೊಂದು ಹಾಕಿದೆ.
ಎದುರು ಕುರ್ಚಿಯಲ್ಲಿ ಅದು,
ಟ್ರಯಲ್ಲಿಗೆ ಬಂದ ಮದುಮಗನ ಹಾಗೆ ಸೆಟೆದುಕೊಂಡಿದೆ.
ಟೇಪು ಹಿಡಿದು ಹತ್ತಿರ ಹೋದವನು
ಅಭ್ಯಾಸಬಲದಿಂದ ಅಂದುಬಿಟ್ಟೆ:
ಉಸಿರು ಬಿಗಿ ಹಿಡೀಬೇಡಿ ಸಾರ್, ಸ್ವಲ್ಪ ಸಡಿಲ ಬಿಡಿ.