ಮಂಗಳವಾರ

ಬ್ರಿಸ್ಟಲ್ಲಿನ ಬೆಡ್‌ಮಿನ್‌ಸ್ಟರಿನಲ್ಲಿ, ಕೀಲಿಕೈ ಕೊರೆಯುವವನ ಪಕ್ಕ,
ನಾನು ಸಂಬಳಕ್ಕಿರುವ ರೆಕಾರ್ಡು ಅಂಗಡಿ.
ಯಜಮಾನ ಎವರ್ಟನ್. ಮಾತು ಕಡಿಮೆ, ಕೆಮ್ಮು ಹೆಚ್ಚು.
ಬಂದ ತಟ್ಟೆಗಳನ್ನು ಒರೆಸಿ, ಕುಲ ವಿಚಾರಿಸಿ, ಗೂಡಿಗೆ ಸೇರಿಸುವುದು,
ರಟ್ಟಿನ ಮೇಲೆ ದಪ್ಪಗೆ ಹೆಸರು ಬರೆಯುವುದು ನನ್ನ ಕೆಲಸ:
ಡಬ್, ಜಂಗಲ್, ಗ್ಯಾರೇಜ್, ಟೆಕ್ನೋ.
ಹಣೆಪಟ್ಟಿ ಇಲ್ಲದ್ದು ಬಿಕರಿಯಾಗದು ಎನ್ನುತ್ತಾನೆ ಎವರ್ಟನ್.
ಇದ್ದದ್ದೂ ಅಷ್ಟಕ್ಕಷ್ಟೇ.

ಆ ನವೆಂಬರಿನಲ್ಲಿ ಯಾರೋ ಬಾಗಿಲಲ್ಲಿಟ್ಟು ಹೋದರು
ಬಾಳೆಹಣ್ಣಿನ ಪೆಟ್ಟಿಗೆಯೊಂದನ್ನು. ಒಳಗೆ ಹದಿನಾಲ್ಕು ತಟ್ಟೆ.
ನಡುವಿನ ಚೀಟಿ ಬರೀ ಬಿಳಿ.
ಹೆಸರಿಲ್ಲ, ಊರಿಲ್ಲ. ಒಂದರ ಮೇಲೆ ಮಾತ್ರ
ಪೆನ್ಸಿಲಿನಲ್ಲಿ ಗೀಚಿದ ಫೋನ್ ನಂಬರು,
ಕೊನೆಯ ಎರಡಂಕಿ ಅಳಿಸಿಹೋಗಿದೆ.

ಮುಳ್ಳು ಇಳಿಸಿದೆ.
ಮೊದಲು ಸರಸರ, ಪಕ್ಕದ ಕೋಣೆಯಲ್ಲಿ
ಯಾರೋ ಒದ್ದೆ ಕೋಟು ಬಿಚ್ಚಿದ ಹಾಗೆ.
ಆಮೇಲೆ ಹೆಣ್ಣುದನಿ, ಅರ್ಧ ಮಾತು, ಉಳಿದರ್ಧ ಉಸಿರು.
ಆಮೇಲೆ ಅದು.
ಕಿವಿಗೆ ಬಂತೆಂದು ಹೇಳಲಾರೆ.
ಗಲ್ಲದ ಮೇಲಿನ ಚಿಲ್ಲರೆ ಮೊದಲು ಕೇಳಿಸಿಕೊಂಡಿತು,
ಆಮೇಲೆ ಕಿಟಕಿಯ ಗಾಜು, ಆಮೇಲೆ ನನ್ನ ಹಲ್ಲು,
ಕೊನೆಗೆ ಪಕ್ಕೆಲುಬಿನ ಕೆಳಗೆ,
ಅಕ್ಕನ ಜೊತೆ ಮಾತು ಬಿಟ್ಟ ದಿನ ಬೀಗ ಜಡಿದಿದ್ದ ಜಾಗ.
ಕೀಲಿಕೈಯವನು ಗೋಡೆ ಗುದ್ದಿದ: ಸಣ್ಣಗಿಡು ಮಾರಾಯ.

ಶನಿವಾರ ಕೂಡಿತು ಪಂಚಾಯಿತಿ.
'ಡಬ್‌ಸ್ಟೆಪ್ಪೇ, ಸಂಶಯವೇ ಬೇಡ' ಎಂದ ಟೊಬಾಯಸ್,
ಕನ್ನಡಕ ಏರಿಸಿ, ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ.
'ಪೆಟ್ಟು ಎಲ್ಲಿ ಬೀಳುತ್ತೆ ನೋಡು,
ಇದು ಗ್ಯಾರೇಜಿನ ಕುಂಟುನಡಿಗೆ' ಎಂದಳು ನೆರಿಸ್,
ವಾರಕ್ಕೊಮ್ಮೆ ಸೇತುವೆ ದಾಟಿ ವೇಲ್ಸಿನಿಂದ ಬರುವವಳು.
'ಪೋಸ್ಟ್...' ಎಂದು ಬಾಯಿ ತೆರೆದ ಹುಡುಗನನ್ನು
ಇಬ್ಬರೂ ಸೇರಿ ಬಾಯಿ ಮುಚ್ಚಿಸಿದರು.
ಒಬ್ಬರು ಆಂಬಿಯೆಂಟ್ ಎಂದರು, ಒಬ್ಬರು ದುಃಖ ಎಂದರು.
ದುಃಖಕ್ಕೆ ನಮ್ಮಲ್ಲಿ ಗೂಡಿಲ್ಲ.
ಎವರ್ಟನ್ ಕೆಮ್ಮಿ ಹೇಳಿದ:
'ನನ್ನ ಚಿಕ್ಕಪ್ಪ ಸೇಂಟ್ ಪಾಲ್ಸಿನ ನೆಲಮಾಳಿಗೆಯಲ್ಲಿ
ಬೀರುವಿನಷ್ಟು ದೊಡ್ಡ ಸ್ಪೀಕರು ಕಟ್ಟಿ ಇಂಥದ್ದನ್ನೇ ನುಡಿಸುತ್ತಿದ್ದ.
ಆಗ ಪೊಲೀಸರು ಇದಕ್ಕಿಟ್ಟ ಹೆಸರು ಒಂದೇ, ಗಲಾಟೆ.'

ಮೂಲೆಯಲ್ಲಿ ವಿಲ್ಫ್, ದೋಣಿಗಳಿಗೆ ಬಣ್ಣ ಬಳಿಯುವವನು, ಹುಟ್ಟುಕಿವುಡ.
ಸ್ಪೀಕರಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದ,
ಬೆದರಿದ ಕುದುರೆಯ ಬೆನ್ನು ಹಿಡಿದಂತೆ.
ನೀನೇನಂತೀ, ಎಂದು ಹುಬ್ಬು ಹಾರಿಸಿದೆ.
ಉತ್ತರಕ್ಕೆ ಕೈ ಬೇಕಿತ್ತು.
ಕೈ ತೆಗೆಯಲಿಲ್ಲ ಅವನು.

ಬಾಗಿಲು ಹಾಕುವ ಹೊತ್ತು. ಏನಾದರೂ ಗೀಚು, ಎಂದ ಎವರ್ಟನ್.
ಪೆಟ್ಟಿಗೆ ಬಂದ ದಿನ ನೆನಪಿತ್ತು.
ಬರೆದೆ: ಮಂಗಳವಾರ.

ತಿಂಗಳಾಗಿಲ್ಲ,
ಮಂಗಳವಾರ ಇದೆಯಾ ಅಂತ ಕೇಳಿಕೊಂಡು ಬರುತ್ತಾರೆ.
ಇದರಲ್ಲಿ ಮಂಗಳವಾರ ಕಡಿಮೆ ಅಂತ ವಾಪಸು ಕೊಡುತ್ತಾರೆ.
ನೆರಿಸ್ ಈಗ ಕೆಂಡ: ಅಪ್ಪಟ ಮಂಗಳವಾರ ಆ ಹದಿನಾಲ್ಕೇ,
ಮಿಕ್ಕಿದ್ದೆಲ್ಲ ಬುಧವಾರ.
ಟೊಬಾಯಸ್ ಆದಿಮಂಗಳವಾರದ ಬಗ್ಗೆ ಏನೋ ಬರೆಯುತ್ತಿದ್ದಾನಂತೆ.
ನನ್ನನ್ನು ಯಾರೂ ಕೇಳುವುದಿಲ್ಲ,
ಕೇಳಿದರೆ ಹೇಳಿಬಿಟ್ಟೇನೆಂದು ಹೆದರಿಕೆ ಇರಬೇಕು.

ಒಂದು ರಾತ್ರಿ, ಎವರ್ಟನ್ ಹೋದ ಮೇಲೆ,
ಪೆನ್ಸಿಲಿನ ನಂಬರಿಗೆ ಎರಡಂಕಿ ಊಹಿಸಿ ಒತ್ತಿದೆ.
ನಿದ್ದೆಗಣ್ಣಿನ ಮುದುಕನೊಬ್ಬ ಉಗಿದಿಟ್ಟ.
ಇನ್ನೊಮ್ಮೆ. ಮೀನು ಕರಿಯುವ ಅಂಗಡಿ.
ಇನ್ನು ತೊಂಬತ್ತೆಂಟು ಬಾಕಿ ಇದ್ದವು.
ಬೆರಳು ತಾನೇ ಒತ್ತಿದ್ದು ಬೇರೆ ನಂಬರು,
ಎಲ್ಲ ಅಂಕಿಯೂ ಬಾಯಿಪಾಠ, ಮೂರು ವರ್ಷದಿಂದ.

ಅಕ್ಕ ಎತ್ತಿದಳು. ನಾನು ಮಾತಾಡಲಿಲ್ಲ,
ಸ್ಪೀಕರಿನ ಮುಂದೆ ಹಿಡಿದೆ.
ಫೋನಿನೊಳಗೆ ಬೇಸ್ ಹಾಯುವುದಿಲ್ಲ, ಗೊತ್ತು.
ಅವಳಿಗೆ ಮುಟ್ಟಿದ್ದು ಬರೀ ಸರಸರ.

ತುಸು ತಡೆದು,
'ಅಲ್ಲಿ ಮಳೆಯಾ?' ಎಂದಳು.