ಖಾಲಿ ಮನೆ

ಮೂವತ್ತೊಂದು ವರ್ಷ ವಾಲ್ಗಾ ನಿಲ್ದಾಣದಲ್ಲಿ
ರೈಲುಗಳ ವೇಳಾಪಟ್ಟಿ ಬರೆದವಳು.
ಈಗ ಮಾಟ ಕಲಿಸುವವರದ್ದು ಬರೆಯುತ್ತೇನೆ.
ಕೆಲಸ ಅದೇ:
ಒಂದೇ ಹಳಿಗೆ ಎರಡು ಬರಬಾರದು.

ಹಳೆಯ ಪಾರ್ಸೆಲ್ ಕೋಣೆ, ಪುರಸಭೆ ಪುಕ್ಕಟೆ ಕೊಟ್ಟದ್ದು.
ಷರತ್ತು ಎರಡು: ಬೆಂಕಿ ಕೂಡದು, ಕೋಳಿ ಕೂಡದು.
ಕೋಳಿಯ ಮಾತು ಎತ್ತಿದವರು ನಾವಲ್ಲ.
ಮೇಣದಬತ್ತಿ ಬೆಂಕಿಯ ಲೆಕ್ಕಕ್ಕೆ ಬರುತ್ತದೆಯೇ ಎಂದು
ಮಾರ್ಚಿನಲ್ಲೇ ಪತ್ರ ಹಾಕಿದ್ದೇನೆ.
ಉತ್ತರ ಬರುವ ತನಕ ಹಚ್ಚುತ್ತೇವೆ.

ಸಂಬಳ ಯಾರಿಗೂ ಇಲ್ಲ.
ಬಿಸ್ಕತ್ತಿನ ಡಬ್ಬಿಗೆ ಬಿದ್ದ ಚಿಲ್ಲರೆ ಚಹಾಕ್ಕೆ, ಉಪ್ಪಿಗೆ.
ಉಪ್ಪು ಬಹಳ ಖರ್ಚಾಗುತ್ತದೆ, ವೃತ್ತ ಹಾಕುತ್ತಾರೆ.
ಗುಡಿಸುವುದು ನಾನು.

ಶುಕ್ರವಾರ ಮುದುಕ ವಿಲ್ಲೆಂ, ರಕ್ತ ಕಟ್ಟುವ ಮಾತು ಬಲ್ಲವನು.
ಮಂತ್ರಕ್ಕಿಂತ ಉಗುಳೇ ಹೆಚ್ಚು ಅನ್ನುವುದು ಗಾದೆ,
ಇವನಲ್ಲಿ ಅದು ಪಾಠಕ್ರಮ:
ಒಮ್ಮೆ ಹೇಳಿ ಮೂರು ಸಲ ಉಗುಳುತ್ತಾನೆ.
ಮುಂದಿನ ಸಾಲಿನವರು ಕೊಡೆ ತರುತ್ತಾರೆ.
ತನಗಿಂತ ಹಿರಿಯರಿಗೆ ಕಲಿಸಿದರೆ ಮಾತು ಬತ್ತಿಹೋಗುತ್ತದಂತೆ.
ಅವನಿಗೆ ಎಂಬತ್ತೆಂಟು, ಯಾರಿಗೂ ಅಡ್ಡಿ ಇರಲಿಲ್ಲ,
ತೊಂಬತ್ತೊಂದರ ಲೈದಾ ಕೋಲೂರಿಕೊಂಡು ಬರುವ ತನಕ.
ಓಣಿಯಲ್ಲಿ ಅವಳಿಗೊಂದು ಕುರ್ಚಿ ಹಾಕಿ
ಬಾಗಿಲು ಅರ್ಧ ತೆರೆದಿಟ್ಟೆ.
ಕೇಳಿಸಿದ್ದು ಕಲಿಸಿದ್ದಲ್ಲ.

ಮಂಗಳವಾರ ಗಡಿಯಾಚೆಯ ಸ್ಕೈದ್ರೀತೆ
ಸೈಕಲ್ಲಿನಲ್ಲಿ ಬೇರು, ಸೊಪ್ಪು ಹೇರಿಕೊಂಡು ಬರುತ್ತಾಳೆ.
ಲಾಟ್ವಿಯದ ನುಡಿಯಲ್ಲಿ ಪಾಠ. ಅರ್ಧ ತಿಳಿಯುತ್ತದೆ.
ಉಳಿದರ್ಧವನ್ನು ಮಂತ್ರವೆಂದು ಬರೆದುಕೊಳ್ಳುತ್ತೇವೆ.

ಎಂದ್ಲಾಳದು ಗ್ರಹಗಳ ಹೋರೆ, ಬುಧವಾರ.
ಅವಳಿಗೂ ನನಗೂ ಜಗಳ.
ಹಗಲನ್ನು ಹನ್ನೆರಡಾಗಿ ಸೀಳಿದರೆ ಹೋರೆಯಂತೆ:
ಡಿಸೆಂಬರಿನಲ್ಲಿ ಅದಕ್ಕೆ ಮೂವತ್ತೆರಡೇ ನಿಮಿಷ,
ಜೂನಿನಲ್ಲಿ ಮುಗಿಯುವುದೇ ಇಲ್ಲ.
ಅರವತ್ತರ ಗಂಟೆಗೆ ಜೀವ ತೇಯ್ದವಳು, ಹೇಗೆ ಒಪ್ಪಲಿ?
ಎಲ್ಮಾರ್ ಹೋದ ಚಳಿಗಾಲ
ಆಸ್ಪತ್ರೆಯ ಗೋಡೆಗಡಿಯಾರದ ಕೆಳಗೆ ಕೂತಾಗಲೇ
ತಾಸುಗಳೆಲ್ಲ ಒಂದಳತೆಯವಲ್ಲ ಎಂದು ಗೊತ್ತಾಗಿತ್ತು.
ಅದನ್ನು ಅವಳಿಗೆ ಹೇಳಿಲ್ಲ.

ಹಲಗೆಯಲ್ಲಿ ಗುರುವಾರದ ಮನೆ ಖಾಲಿ.
ಒಂದು ಸಂಜೆ ನೋಡಿದರೆ ಅದರೊಳಗೆ
ಸೀಮೆಸುಣ್ಣದ ಸೊಟ್ಟ ಅಕ್ಷರ:
ಸತ್ತವರನ್ನು ಕರೆಯುವುದು. ಯಾರು ಕಲಿಸುತ್ತೀರಿ?
ತಾನೆಲನ ಕೈಬರಹ, ಹದಿನೇಳರ ಹುಡುಗ,
ತಮ್ಮ ಕೆರೆಯ ಮಂಜಿನೊಳಗೆ ಇಳಿದುಹೋದವನು.

ಕಲ್ಯು ಓದಿದ. ಸೋಮವಾರದ ಕಣಿಯ ಎಲೆಗಳನ್ನು
ಒಟ್ಟು ಮಾಡಿ ಕಿಸೆಗೆ ಹಾಕಿಕೊಂಡ.
ವಿಲ್ಲೆಂ ಉಗುಳಲಿಲ್ಲ.
ಎಂದ್ಲಾ, ಶನಿಯ ಹೋರೆಯಲ್ಲಿ ಆಗಬಹುದೇನೋ, ಅಂದವಳು
ಮಾತು ಅಲ್ಲಿಗೇ ಬಿಟ್ಟಳು.
ಮೂರು ವಾರ ಹಲಗೆ ಒರೆಸಿದೆ, ಆ ಮನೆ ಬಿಟ್ಟು.

ಬಾರದ ರೈಲಿಗೆ ಬಾರದು ಎಂದು ಬರೆದವಳಲ್ಲ ನಾನು.
ಸೇತುವೆ ಕುಸಿದ ರಾತ್ರಿಯೂ
ಒಂದೇ ಪದ ಬರೆದಿದ್ದೆ.
ಅದನ್ನೇ ಬರೆದೆ, ಹುಡುಗನ ಪ್ರಶ್ನೆಯ ಮುಂದೆ:
ತಡ.

ಗುರುವಾರ ಏಳೂವರೆಗೆ ಬೀಗ ತೆಗೆದೆ, ಸುಮ್ಮನೆ,
ಹೀಟರಿನ ತೊಂದರೆ ನೋಡೋಣವೆಂದು.
ತಾನೆಲ್ ಬಂದ. ಲೈದಾ ಬಂದಳು,
ಈ ಸಲ ಒಳಗೇ ಕೂತಳು.
ಹೆಸರು ಗೊತ್ತಿಲ್ಲದ ಒಬ್ಬ ಗಂಡಸು, ಕೈಯಲ್ಲಿ ಹೆಂಗಸರ ಕೈಗವಸು.
ಕೋಟು ಯಾರೂ ಬಿಚ್ಚಲಿಲ್ಲ.
ಪ್ಲಾಟ್‌ಫಾರ್ಮಿನಲ್ಲಿ ಕೂರುವ ಹಾಗೆ ಕೂತರು,
ಬಾಗಿಲಿಗೆ ಮುಖ ಮಾಡಿ, ಚೀಲ ತೊಡೆಯ ಮೇಲಿಟ್ಟು.
ಯಾರೂ ಏನೂ ಕಲಿಸಲಿಲ್ಲ.
ರೀಗಾದ ಕಡೆಯ ಗಾಡಿ ಹೋಯಿತು, ಕಿಟಕಿ ಅದುರಿತು,
ಎಂಟೂವರೆಗೆ ಎದ್ದು ಲೋಟ ತೊಳೆದರು.

ಮುಂದಿನ ವಾರ ಕಲ್ಯು ಬರುತ್ತಾನಂತೆ, ಸ್ಕೈದ್ರೀತೆಯೂ,
ಅವಳ ಅಕ್ಕನೂ.
ಕುರ್ಚಿ ಎರಡು ಕಡಿಮೆ ಬೀಳುತ್ತವೆ.
ನಿರೀಕ್ಷಣಾ ಕೋಣೆಯ ಹಳೆಯ ಬೆಂಚು ಎಲ್ಲಿ ಹೋಯಿತೋ
ಯಾರನ್ನಾದರೂ ಕೇಳಬೇಕು.