ಹಳ್ಳದ ಮೇಲಿನ ಬಾಗಿಲು

ಸ್ವಾನೇತಿಗೆ ಈ ಸಲ ಹಿಮಕ್ಕಿಂತ ಮೊದಲು
ಸಿನಿಮಾದವರು ಬಂದರು.
ಎರಡು ಲಾರಿ, ಒಂದು ಜನರೇಟರು,
ಟಿಬಿಲಿಸಿಯಿಂದ ಗಾಜಿನ ಹಾಗೆ ಕಾಪಾಡಿ ತಂದ ನಾಯಕಿ.
ನನಗೆ ಕೊಟ್ಟ ಕೆಲಸ ದೀಪ ಹೊರುವುದು.

ಹೊತ್ತೆ. ಕಲ್ಲಿನ ಗೋಪುರದ ಬುಡಕ್ಕೆ, ತಲೆ ಬಗ್ಗಿಸಿ,
ನನಗೆ ಆರು ತುಂಬುವವರೆಗೆ
ದೀಪವೇ ಇಲ್ಲದಿದ್ದ ಕೋಣೆಗೆ
ಎರಡೆರಡು ಸಾವಿರ ವಾಟಿನ ನಾಲ್ಕು.
"ಕತ್ತಲೆ ಸಾಲದು, ಇನ್ನೊಂದು ಲೈಟು ಕೊಡು,"
ಅನ್ನುತ್ತಾನೆ ಕ್ಯಾಮೆರಾದವನು.
ಕತ್ತಲೆ ಕಾಣಬೇಕಾದರೆ ಬೆಳಕು ಬೇಕಂತೆ.

ಆಗ ಇದ್ದದ್ದು ಒಂದು ಕಿಂಡಿ. ಗೇಣುದ್ದ, ಎರಡು ಬೆರಳಗಲ,
ಮುತ್ತಾತಂದಿರು ವೈರಿಗೆ ಬಂದೂಕು ತೂರಿಸಲು ಬಿಟ್ಟದ್ದು.
ಮಧ್ಯಾಹ್ನ ಅದರೊಳಗಿಂದ ಒಂದು ಪಟ್ಟಿ ಬಿಸಿಲು ನುಸುಳಿ
ಗೋಡೆಯ ಮೇಲೆ ನಡೆದು ಹೋಗುತ್ತಿತ್ತು.
ಅಮ್ಮ ನನ್ನನ್ನು ಅದರ ಜೊತೆಜೊತೆಗೇ ನಡೆಸುವಳು:
ಮೊದಲು ಅಂಗೈಗೆ, ಆಮೇಲೆ ಪಾದಕ್ಕೆ,
ಬೆನ್ನಿಗೆ. "ಬೇಗ ತಿರುಗು, ಹೊರಟಿತು!"
ಬಟ್ಟೆ ಒಣಗಿಸಿದಂತೆ ನನ್ನನ್ನು ಒಣಗಿಸುತ್ತಿದ್ದಳು.

ನಾಯಕಿ ಒಳ್ಳೆಯವಳು. ನೋಟುಬುಕ್ಕು ತೆರೆದು ಕೇಳಿದಳು:
"ಲಾಮ್ಜಿರಾ ಅಕ್ಕ, ರಾತ್ರಿ ಹೇಗೆ ಅಳುತ್ತಿದ್ದಿರಿ?
ಸದ್ದು ಮಾಡಿಯೋ, ಮಾಡದೆಯೋ?"
ಅಮ್ಮ ಹಿಟ್ಟು ನಾದುತ್ತಲೇ ಅಂದಳು:
"ಅತ್ತರೆ ಬಾಯಾರುತ್ತೆ, ಮಗಳೆ.
ನೀರು ಬರುತ್ತಿದ್ದದ್ದು ಮೂರು ದಿನಕ್ಕೊಂದು ಡಬ್ಬ."
ಅವಳು ಅದನ್ನು ಬರೆದುಕೊಳ್ಳಲಿಲ್ಲ.
ಮರುದಿನ ಸೊಗಸಾಗಿ ಅತ್ತಳು. ಎಲ್ಲರೂ ಚಪ್ಪಾಳೆ ತಟ್ಟಿದರು.
ಅಮ್ಮನೂ ತಟ್ಟಿದಳು, ಕೈಯ ಹಿಟ್ಟು ಉದುರುವಷ್ಟು.

ಅವನಿಗೆ, ನಾವು ಹೆಸರು ಹೇಳದವನಿಗೆ,
ಚಿತ್ರಕಥೆಯಲ್ಲಿ ಒಂದು ಬಾಲ್ಯ ಕೊಟ್ಟಿದ್ದಾರೆ:
ಹೊಡೆಯುವ ಅಪ್ಪ, ಸತ್ತ ನಾಯಿಮರಿ.
ಓದಿ ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು
"ನಿನಗೂ ಒಂದು ಬಾಲ್ಯ ಇತ್ತು," ಅಂದಳು,
"ಅವನ ಬೀಗದ ಕೈ ಗೊಂಚಲಲ್ಲಿ."

ಕೊನೆಯ ದೃಶ್ಯ. ಬಾಗಿಲು ತೆರೆಯುತ್ತದೆ.
ಮಗು ಓಡಬೇಕು, ಹಿಮದಲ್ಲಿ, ಕೈ ಚಾಚಿ, ಹಿಂದೆ ಪಿಟೀಲು.
ಆರು ಟೇಕು ಓಡಿದ ಪುಟ್ಟ ತ್ಸೋತ್ನೆ, ಮೂಗು ಕೆಂಪಾಗಿ.
ನಿರ್ದೇಶಕ ನನ್ನ ಕಡೆ ತಿರುಗಿದ. "ಹೀಗೇ ಅಲ್ಲವಾ?"

ಹೀಗಲ್ಲ.
ಬೀಗ ಒಡೆದವರು ಪಕ್ಕದೂರಿನ ಮೂವರು. ಫೆಬ್ರವರಿ, ನಡುಹಗಲು,
ಹೊರಗೆ ಹಿಮ ಬೆಂಕಿಯ ಹಾಗೆ ಬೆಳ್ಳಗೆ.
ಅಮ್ಮ ಅವರ ಮುಖ ನೋಡಿದಳು, ನನ್ನ ಕಣ್ಣು ನೋಡಿದಳು,
ಬಾಗಿಲನ್ನು ಮತ್ತೆ ಮುಚ್ಚಿದಳು.
ತಾನೇ. ಒಳಗಿನಿಂದ.
ಹುಚ್ಚು ಹಿಡಿದಿದೆ ಎಂದುಕೊಂಡರಂತೆ ಅವರು.
ಲಂಗದ ಅಂಚು ಪರ್ರನೆ ಹರಿದದ್ದು ಕೇಳಿತು ನನಗೆ.
ಕಣ್ಣಿಗೆ ಮೂರು ಸುತ್ತು ಕಟ್ಟಿ
"ಹೊರಗೆ ಹೋಗುತ್ತಿದ್ದೇವೆ, ಗೆಲಾ. ಬೆಳಕು ಬಹಳ ಇದೆ.
ಸ್ವಲ್ಪಸ್ವಲ್ಪವೇ ಕೊಡುತ್ತೇನೆ."
ಒಂದು ಸುತ್ತು ಸಂಜೆ ಬಿಚ್ಚಿದಳು, ಇನ್ನೊಂದು ಮರುದಿನ.
ಮೂರನೆಯದು ಜಾರಿದಾಗ ಮೊದಲು ಕಂಡದ್ದು
ಎಲ್ಲರೂ ತೋರಿಸುತ್ತಿದ್ದ ಉಷ್ಬಾ ಶಿಖರವಲ್ಲ;
ಅಮ್ಮನ ಮುಖ, ಪೂರ್ತಿ.
ಅಲ್ಲಿಯವರೆಗೆ ನೋಡಿದ್ದು ಎರಡೆರಡು ಬೆರಳಗಲ.

"ಜನಕ್ಕೆ ಅರ್ಥವಾಗಲ್ಲಪ್ಪ," ಅಂದ ನಿರ್ದೇಶಕ, ಮೆತ್ತಗೆ.
ಇರಬಹುದು.

ಅಂದಹಾಗೆ, ಆ ಬಾಗಿಲು ಅವರಿಗೆ ಸಿಗಲಿಲ್ಲ.
ಪ್ಲೈವುಡ್ಡಿನದೊಂದು ಮಾಡಿಸಿ, ಚಹಾದ ಚರಟ ತಿಕ್ಕಿ ಹಳತು ಮಾಡಿದರು;
ಕಿರುಗುಟ್ಟುವ ಸದ್ದು ಆಮೇಲೆ ಸೇರಿಸುತ್ತಾರಂತೆ.
ಅಸಲಿದು ನಮ್ಮ ಮನೆಯ ಹಿಂದೆ ಹಳ್ಳಕ್ಕೆ ಅಡ್ಡ ಬಿದ್ದಿದೆ,
ಹಿಮ ಕರಗಿದ ವಾರವೇ ಅಮ್ಮ ಕಿತ್ತು ಎಳೆತಂದು ಹಾಕಿದ್ದು.
ಕೊಂಡಿ ಇದ್ದ ತೂತಿನಲ್ಲಿ ಈಗ ಹುಲ್ಲು.
ಸಂಜೆ ಹಸು ಅದರ ಮೇಲೆ ದಾಟಿ ಬರುತ್ತದೆ,
ಮೊದಲು ಒಂದು ಕಾಲಿಟ್ಟು, ತಡೆದು, ಪರೀಕ್ಷಿಸಿ.
ಅದರ ಹಿಂದೆ ಅಮ್ಮ,
ಯಾರದೋ ಮದುವೆಯ ಸುದ್ದಿ ಹೇಳುತ್ತಾ.